ಮೆಡಿಟರೇನಿಯನ್ ಗುಡ್ಡನಾಡಿನ ಸೈಕಲ್ ದಾರಿಗಳು

ದಕ್ಷಿಣ ಯೂರೋಪಿನಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿರುವ ಗುಡ್ಡನಾಡುಗಳಲ್ಲಿ ದ್ರಾಕ್ಷಿ ತೋಟ, ಆಲಿವ್ ತೋಪು, ಗುಡ್ಡದ ನೆತ್ತಿಯ ಮೇಲಿನ ಹಳ್ಳಿಗಳನ್ನು ಹಾಯ್ದು ಹೋಗುವ ರಸ್ತೆ ಸೈಕಲ್ ಸವಾರಿಯ ಮಾರ್ಗಗಳು. ಫ್ರಾನ್ಸಿನ ಪ್ರೊವಾನ್ಸ್, ಇಟಲಿಯ ಟಸ್ಕನಿ, ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪ ಇವುಗಳಲ್ಲಿ ಹೆಸರಾದವು. ಇಂದು ಲೋಕದ ನಾನಾ ಕಡೆಯಿಂದ ಸವಾರರು ಇಲ್ಲಿಗೆ ಬರುತ್ತಾರಾದರೂ ಈ ದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆಂದು ಮಾಡಿದವಲ್ಲ. ದ್ರಾಕ್ಷಿಯನ್ನು ತೊಟ್ಟಿಗೆ, ಆಲಿವ್ ಕಾಯನ್ನು ಗಾಣಕ್ಕೆ ಸಾಗಿಸಲು, ಬೆಟ್ಟದ ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟುವಾಗ ಕಲ್ಲು ಹೊರಿಸಲು, ರೈತನ ಕಣದಿಂದ ಧಣಿಯ ಕಣಜಕ್ಕೆ ಧಾನ್ಯದ ಪಾಲು ಮುಟ್ಟಿಸಲು ಇವು ಹುಟ್ಟಿದವು. ಆ ಕೆಲಸಗಳು ಹೆದ್ದಾರಿಗೋ ಪಟ್ಟಣಕ್ಕೋ ಹೋದ ಮೇಲೆ ಉಳಿದ ಕಿರಿದಾದ, ಗಾಡಿ ಸಂಚಾರ ಕಡಿಮೆಯಿರುವ ರಸ್ತೆಗಳು ಸೈಕಲ್ಲಿನವರ ಪಾಲಿಗೆ ಬಂದವು. ಈ ದಾರಿಗಳ ಏರು, ತಿರುವು, ಅಗಲ, ಊರಿಂದೂರಿಗಿರುವ ದೂರ ಎಲ್ಲಕ್ಕೂ ಆ ಹಳೆಯ ದುಡಿಮೆಯೇ ಕಾರಣ.

ನೆಲ ಮತ್ತು ದಾರಿ

ಇಲ್ಲಿನ ಬೆಟ್ಟಗಳು ಹೆಚ್ಚಾಗಿ ಸುಣ್ಣಕಲ್ಲಿನವು. ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ಒಳಗೊಳಗೇ ಹರಿದು ಎಲ್ಲೋ ದೂರದಲ್ಲಿ ಬುಗ್ಗೆಯಾಗಿ ಹೊಮ್ಮುತ್ತದೆ. ಯೂರೋಪಿನ ದೊಡ್ಡ ಬುಗ್ಗೆಗಳಲ್ಲೊಂದಾದ ಫೋಂತೆನ್ ದ ವೋಕ್ಲ್ಯೂಸ್ ಪ್ರೊವಾನ್ಸಿನಲ್ಲಿಯೇ ಇದೆ. ವೋಕ್ಲ್ಯೂಸ್ ಜಿಲ್ಲೆಗೆ ಹೆಸರು ಬಂದದ್ದು ಅದರಿಂದ. ನೀರಿದ್ದ ಕಡೆ ಊರು, ಊರಿದ್ದ ಕಡೆ ಕಲ್ಲಿನ ಕಾರಂಜಿ. ಹಳ್ಳಿಗಳನ್ನು ಗುಡ್ಡದ ಮೇಲೆ ಕಟ್ಟಿದ್ದಕ್ಕೆ ಕಾರಣ ಒಂದೇ ಅಲ್ಲ. ಮಧ್ಯಯುಗದ ದಾಳಿಗಳಿಂದ ರಕ್ಷಣೆ ಬೇಕಿತ್ತು, ತಗ್ಗಿನ ಜವುಗು ನೆಲದ ಚಳಿಜ್ವರದಿಂದ ದೂರವಿರಬೇಕಿತ್ತು, ಕೈಯಗಲ ಫಲವತ್ತಾದ ನೆಲವನ್ನೂ ಮನೆ ಕಟ್ಟಿ ಹಾಳುಮಾಡುವಂತಿರಲಿಲ್ಲ. ಒಂದು ಊರಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಐದಾರು ಕಿಲೋಮೀಟರು, ಅಂದರೆ ಹೇರು ಹೊತ್ತ ಕತ್ತೆಯೊಂದಿಗೆ ಸಂತೆಗೆ ಹೋಗಿ ಕತ್ತಲಾಗುವುದರೊಳಗೆ ಮರಳಬಹುದಾದ ದೂರ. ಸೈಕಲ್ಲಿಗೆ ಅದು ಕಾಲು ಗಂಟೆಯ ದಾರಿ. ನೀರು, ರೊಟ್ಟಿ, ನೆರಳು ಮೂರೂ ಕಾಲು ಗಂಟೆಗೊಮ್ಮೆ ಸಿಗುತ್ತವೆ. ಅದಕ್ಕೆ ಬದಲಾಗಿ ಪ್ರತಿ ಊರಿನ ಬಾಗಿಲಿಗೆ ಮುಂಚೆ ಅರ್ಧ ಕಿಲೋಮೀಟರು ಕಡಿದಾದ ಏರನ್ನು ತುಳಿಯಬೇಕು.

ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅಂಚಿಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಒಣಗೋಡೆಗಳು ದಾರಿಯುದ್ದಕ್ಕೂ ಕಾಣುತ್ತವೆ. ಗಾರೆಯಿಲ್ಲದ್ದರಿಂದಲೇ ಮಳೆಯ ನೀರು ಸಂದಿಗಳಲ್ಲಿ ಸೋರಿಹೋಗಿ ಗೋಡೆ ಕುಸಿಯದೆ ನಿಲ್ಲುತ್ತದೆ. ಫ್ರಾನ್ಸ್, ಇಟಲಿ, ಸ್ಪೇನ್, ಗ್ರೀಸ್, ಸೈಪ್ರಸ್, ಕ್ರೊವೇಷ್ಯಾ, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ದೇಶಗಳ ಈ ಕಟ್ಟುಗಾರಿಕೆಯನ್ನು ಯುನೆಸ್ಕೊ 2018ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಎಷ್ಟೋ ಗೋಡೆಗಳ ಹಿಂದೆ ಈಗ ಬೆಳೆಯಿಲ್ಲ, ಪೈನ್ ಮರಗಳಿವೆ. 1860ರ ದಶಕದಲ್ಲಿ ರೋನ್ ಕಣಿವೆಯಲ್ಲಿ ಕಾಣಿಸಿಕೊಂಡ ಫೈಲಾಕ್ಸೆರಾ ಎಂಬ ಬೇರುಹೇನು ಕೆಲವೇ ದಶಕಗಳಲ್ಲಿ ಯೂರೋಪಿನ ದ್ರಾಕ್ಷಿ ಬಳ್ಳಿಗಳನ್ನು ನಾಶಮಾಡಿತು. ಅಮೆರಿಕದ ಬಳ್ಳಿಯ ಬೇರಿಗೆ ಕಸಿಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದಾಗ ಕಷ್ಟದ ಮೆಟ್ಟಿಲುಹೊಲಗಳಿಗೆ ಹಿಂದಿರುಗಿದವರು ಕಡಿಮೆ.

ಪ್ರೊವಾನ್ಸ್

ಸೈಕಲ್ ಪ್ರವಾಸದ ಚರಿತ್ರೆಯಲ್ಲಿ ದೊಡ್ಡ ಹೆಸರೊಂದು ಇದೇ ನೆಲದಲ್ಲಿ ಹುಟ್ಟಿತು. ವೆಲೋಸಿಯೊ ಎಂಬ ಲೇಖನನಾಮದಿಂದ ಪ್ರಸಿದ್ಧನಾದ ಪೋಲ್ ದ ವಿವಿ (1853-1930) ವಾಂಟೂ ಬೆಟ್ಟದ ಸೀಮೆಯಲ್ಲಿರುವ ಪೆರ್ನ್ ಊರಿನವನು. ಹತ್ತಾರು ಕಾರಂಜಿಗಳಿರುವುದರಿಂದ ಆ ಊರನ್ನು ಈಗ ಪೆರ್ನ್ ಲೇ ಫೋಂತೆನ್ ಎನ್ನುತ್ತಾರೆ. ಸ್ಯಾಂತ್ ಎತಿಯೆನ್ ನಗರದಲ್ಲಿ ನೆಲೆಸಿ ‘ಲ ಸಿಕ್ಲಿಸ್ತ್’ ಪತ್ರಿಕೆ ನಡೆಸಿದ ಈತ, ಒಂದೇ ಗೇರಿನ ಸೈಕಲ್ಲೇ ಗಂಡಸುತನದ ಗುರುತು ಎಂದು ತಿಳಿದಿದ್ದ ಕಾಲದಲ್ಲಿ ಹಲವು ಗೇರುಗಳ ಪರವಾಗಿ ಬರೆದ. ತಾನೇ ಪ್ರಯೋಗ ಮಾಡಿ ತೋರಿಸಿದ. ಸ್ಪರ್ಧೆಯ ಲೋಕ ಒಪ್ಪಲು ತಡವಾಯಿತು. ಟೂರ್ ದ ಫ್ರಾನ್ಸ್ ಸ್ಪರ್ಧೆ ಗೇರು ಬದಲಿಸುವ ಡಿರೇಲರ್ ಸಾಧನಕ್ಕೆ ಅನುಮತಿ ಕೊಟ್ಟದ್ದು 1937ರಲ್ಲಿ, ಅವನು ತೀರಿಕೊಂಡ ಏಳು ವರ್ಷಗಳ ಮೇಲೆ. ಪ್ರತಿ ಈಸ್ಟರಿಗೆ ಗೆಳೆಯರೊಂದಿಗೆ ಉತ್ತರದ ಚಳಿಯಿಂದ ಪ್ರೊವಾನ್ಸಿನ ಬಿಸಿಲಿಗೆ ಇಳಿದು ಬರುವುದು ಅವನ ರೂಢಿ. ವಸಂತದಲ್ಲಿ ದಕ್ಷಿಣಕ್ಕೆ ಸೈಕಲ್ ತುಳಿಯುವ ಇಂದಿನ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಸಾಮಾನ್ಯ ಮನುಷ್ಯ, ಸಾಮಾನ್ಯ ತೊಡೆಬಲದಿಂದ ಬೆಟ್ಟ ಏರಬಹುದಾದದ್ದು ಗೇರಿನಿಂದ. ಗೆದ್ದ ಬೇರೆ ಯಾವ ಸ್ಪರ್ಧಾಳುವಿಗಿಂತಲೂ ಈ ಸಂಪಾದಕನಿಗೆ ಇಲ್ಲಿನ ಸವಾರ ಹೆಚ್ಚು ಋಣಿ.

ವಾಂಟೂ ಬೆಟ್ಟ ಈ ಸೀಮೆಯ ಕೇಂದ್ರ. ಎತ್ತರ 1,910 ಮೀಟರು. ಆಲ್ಪ್ಸ್ ಸಾಲಿನಿಂದ ಬೇರೆಯಾಗಿ ಬಯಲಿನ ನಡುವೆ ಒಂಟಿಯಾಗಿ ನಿಂತಿರುವುದರಿಂದ ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತದೆ. ತುದಿಯ ಬಿಳುಪನ್ನು ಬೇಸಿಗೆಯಲ್ಲಿಯೂ ಹಿಮವೆಂದು ಭ್ರಮಿಸುವವರುಂಟು. ಅದು ಸುಣ್ಣಕಲ್ಲಿನ ಜಲ್ಲಿ. ತೂಲೋಂ ಬಂದರಿನ ಹಡಗುಕಟ್ಟೆಗೆ ಮರ, ಸುತ್ತಲ ಊರುಗಳಿಗೆ ಇದ್ದಿಲು, ಕುರಿಗೆ ಮೇವು ಹೀಗೆ ಶತಮಾನಗಳ ಕಾಲ ಕಡಿದು ಮೇಯಿಸಿ ಬೆಟ್ಟ ಬೋಳಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಓಕ್, ಪೈನ್, ಉತ್ತರ ಆಫ್ರಿಕದ ಅಟ್ಲಾಸ್ ದೇವದಾರು ನೆಟ್ಟು ಕೆಳಗಿನ ಇಳಿಜಾರುಗಳನ್ನು ಮತ್ತೆ ಕಾಡು ಮಾಡಿದರು. ಇಂದು ಸವಾರ ಬೈಯುತ್ತ ಏರುವ ಕಾಡು ಆ ನೆಟ್ಟ ಕಾಡೇ. 1990ರಲ್ಲಿ ಯುನೆಸ್ಕೊ ಈ ಬೆಟ್ಟವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು.

ಕವಿ ಪೆಟ್ರಾರ್ಕ್ ತನ್ನ ತಮ್ಮನೊಂದಿಗೆ ಮಲೋಸೆನ್ ಊರಿನಿಂದ ಹೊರಟು 1336ರ ಏಪ್ರಿಲ್ 26ರಂದು ಈ ಬೆಟ್ಟ ಏರಿದುದಾಗಿ ಪತ್ರವೊಂದರಲ್ಲಿ ಬರೆದಿದ್ದಾನೆ. ಯಾವ ಕೆಲಸವೂ ಇಲ್ಲದೆ, ನೋಡುವ ಆಸೆಯೊಂದರಿಂದಲೇ ಬೆಟ್ಟ ಹತ್ತಿದ ಮೊದಲ ದಾಖಲೆಗಳಲ್ಲಿ ಒಂದೆಂದು ಆ ಪತ್ರಕ್ಕೆ ಹೆಸರು. ಕೀಟಗಳ ಬದುಕನ್ನು ಕುರಿತು ಬರೆದ ಝಾಂ ಆನ್ರಿ ಫಾಬ್ರ್ ಗಿಡಮೂಲಿಕೆಗಳನ್ನು ಹುಡುಕುತ್ತ ಇಲ್ಲಿಗೆ ಮತ್ತೆ ಮತ್ತೆ ಬಂದ. ಬುಡದ ಆಲಿವ್‌ನಿಂದ ತುದಿಯ ಶೀತಪ್ರದೇಶದ ಹೂಗಳವರೆಗೆ, ದಕ್ಷಿಣದಿಂದ ಉತ್ತರಕ್ಕೆ ಯೂರೋಪನ್ನೇ ಹಾಯ್ದಷ್ಟು ಸಸ್ಯವೈವಿಧ್ಯ ಒಂದೇ ದಿನದ ಏರಿನಲ್ಲಿ ಸಿಗುತ್ತದೆಂಬುದು ಅವನಿಗೆ ಬೆರಗು. ಸೈಕಲ್ಲಿಗೆ ಅದು ಎರಡು ಗಂಟೆಯ ಮಾತು. ಗಾಡಿದಾರಿ ಬಂದದ್ದು 1880ರ ದಶಕದಲ್ಲಿ, ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟುವ ಕೆಲಸಕ್ಕಾಗಿ.

ತುದಿಗೆ ಮೂರು ಡಾಂಬರು ರಸ್ತೆಗಳಿವೆ. ದಕ್ಷಿಣದ ಬೆಡ್ವಾಂ ಊರಿನಿಂದ ಸುಮಾರು 21 ಕಿ.ಮೀ., ಏರಿಕೆ 1,600 ಮೀಟರು, ಸರಾಸರಿ ಏರು ಶೇ. 7.5, ಎಂದರೆ ನೂರು ಮೀಟರು ಮುಂದೆ ಹೋದರೆ ಏಳೂವರೆ ಮೀಟರು ಮೇಲೆ. ಸರಾಸರಿ ಇಲ್ಲಿ ಮೋಸದ ಲೆಕ್ಕ. ಮೊದಲ ಐದೂವರೆ ಕಿಲೋಮೀಟರು ದ್ರಾಕ್ಷಿ, ಚೆರಿ ತೋಟಗಳ ನಡುವೆ ಸಲೀಸಾಗಿ ಸಾಗುತ್ತದೆ. ಸ್ಯಾಂತೆಸ್ತೆವ್ ಎಂಬಲ್ಲಿ ರಸ್ತೆ ಎಡಕ್ಕೆ ಹೊರಳಿ ಕಾಡಿಗೆ ನುಗ್ಗಿದ ಮೇಲೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಏರು ಶೇ. 9ರಿಂದ 10. ತಿರುವುಗಳು ಕಡಿಮೆಯಾದ್ದರಿಂದ ಉಸಿರು ಬಿಡಲು ಸಮತಟ್ಟು ಸಿಗುವುದಿಲ್ಲ. ಮರಗಳು ಗಾಳಿಯನ್ನು ತಡೆಯುವುದರಿಂದ ಬೇಸಿಗೆಯಲ್ಲಿ ಸೆಕೆ ಕಟ್ಟಿಕೊಳ್ಳುತ್ತದೆ. ಶ್ಯಾಲೆ ರೆನಾರ್ ಎಂಬ ಹೋಟೆಲು ಬಂದಾಗ ಕಾಡು ಥಟ್ಟನೆ ಮುಗಿದು ಬಿಳಿ ಕಲ್ಲಿನ ಬೋಳು ಎದುರಾಗುತ್ತದೆ. ಉಳಿದ ಆರು ಕಿಲೋಮೀಟರಿನಲ್ಲಿ ತುದಿಯ ಗೋಪುರ ಉದ್ದಕ್ಕೂ ಕಣ್ಣೆದುರಿಗೇ ಇದ್ದರೂ ಹತ್ತಿರ ಬಂದಂತೆ ತೋರುವುದಿಲ್ಲ. ವಾಯುವ್ಯದ ಮಲೋಸೆನ್ ದಾರಿಯ ಉದ್ದವೂ ಏರೂ ಹೆಚ್ಚುಕಡಿಮೆ ಇಷ್ಟೇ. ಆದರೆ ಅದು ಒಂದೇ ಸಮನಲ್ಲ, ಕೆಲವೆಡೆ ಬಿಡುವು ಕೊಟ್ಟು ಮೋಂ ಸೆರ್ಯಾಂ ಎಂಬ ಹಿಮಕ್ರೀಡೆಯ ತಾಣಕ್ಕೆ ಮುಂಚೆ ಶೇ. 10ನ್ನು ಮೀರುತ್ತದೆ. ಪೂರ್ವದ ಸೋ ಊರಿನ ದಾರಿ 26 ಕಿ.ಮೀ. ಊರೇ 760 ಮೀಟರು ಎತ್ತರದಲ್ಲಿರುವುದರಿಂದ ಏರಬೇಕಾದದ್ದು 1,200 ಮೀಟರಿನೊಳಗೆ. ಶ್ಯಾಲೆ ರೆನಾರ್‌ವರೆಗೂ ಹದವಾದ ಏರು. ಮೊದಲ ಬಾರಿಗೆ ಬರುವವರು ಸೋ ದಾರಿಯಿಂದ ಏರಿ ಬೆಡ್ವಾಂಗೆ ಇಳಿಯುವುದು ಜಾಣತನ. ರಸ್ತೆ ಬದಿಯ ಕಿಲೋಮೀಟರು ಕಲ್ಲುಗಳ ಮೇಲೆ ತುದಿಗೆ ಉಳಿದ ದೂರವೂ ಮುಂದಿನ ಒಂದು ಕಿಲೋಮೀಟರಿನ ಏರೂ ಬರೆದಿರುತ್ತದೆ. ಮೂರು ದಾರಿಗಳನ್ನೂ ಒಂದೇ ದಿನ ಏರಿ, ಊರೂರಿನಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡವರನ್ನು 1988ರಲ್ಲಿ ಶುರುವಾದ ‘ವಾಂಟೂವಿನ ಹುಚ್ಚರ ಸಂಘ’ ಸದಸ್ಯರನ್ನಾಗಿ ಮಾಡಿಕೊಳ್ಳುತ್ತದೆ. ಒಟ್ಟು ಸುಮಾರು 135 ಕಿ.ಮೀ.; ಏರಿಕೆ 4,400 ಮೀಟರು.

ಟೂರ್ ದ ಫ್ರಾನ್ಸ್ ಈ ಬೆಟ್ಟವನ್ನು ಮೊದಲು ಹಾಯ್ದದ್ದು 1951ರಲ್ಲಿ. ತುದಿಯಲ್ಲಿಯೇ ಮುಗಿದದ್ದು 1958ರಲ್ಲಿ, ಲಕ್ಸೆಂಬರ್ಗಿನ ಶಾರ್ಲಿ ಗೋಲ್ ಗೆದ್ದ ದಿನ. 1967ರ ಜುಲೈ 13ರಂದು ಮಾರ್ಸೆಯಿಂದ ಕಾರ್ಪಾಂತ್ರಾಕ್ಕೆ ಸಾಗುತ್ತಿದ್ದ ಹಂತದಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ತುದಿಗೆ ಒಂದೂವರೆ ಕಿಲೋಮೀಟರು ಇದೆಯೆನ್ನುವಾಗ ಕುಸಿದು ತೀರಿಕೊಂಡ. ಎರಡು ವರ್ಷದ ಹಿಂದೆ ವಿಶ್ವ ಚಾಂಪಿಯನ್ ಆಗಿದ್ದವನು, ವಯಸ್ಸು 29. ಅಂದಿನ ಉರಿಬಿಸಿಲು, ದೇಹದಲ್ಲಿ ನೀರಿನ ಕೊರತೆ, ಸೇವಿಸಿದ್ದ ಆಂಫೆಟಮೀನ್ ಮತ್ತು ಮದ್ಯ ಎಲ್ಲವೂ ಸೇರಿ ಹೃದಯ ನಿಂತಿತು. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ತಪಾಸಣೆ ಬಿಗಿಯಾಗಲು ಈ ಸಾವು ಒಂದು ಕಾರಣ. ಅವನು ಬಿದ್ದ ಜಾಗದಲ್ಲಿ ಕಲ್ಲಿನ ಸ್ಮಾರಕವಿದೆ. ಸವಾರರು ಅಲ್ಲಿ ನಿಂತು ನೀರಿನ ಬಾಟಲಿ, ಟೋಪಿ, ಒಂದು ಬಿಳಿಕಲ್ಲು ಇಟ್ಟು ಮುಂದೆ ಹೋಗುತ್ತಾರೆ. 2016ರಲ್ಲಿ ತುದಿಯ ಗಾಳಿ ತಡೆಯಲಾಗದೆ ಸ್ಪರ್ಧೆಯ ಕೊನೆಯನ್ನು ಶ್ಯಾಲೆ ರೆನಾರ್‌ಗೆ ಇಳಿಸಿದರು. ಅಲ್ಲಿ ಜನ ಒತ್ತಿಕೊಂಡು ಮೋಟಾರ್‌ಬೈಕು ನಿಂತು, ಹಿಂದಿನಿಂದ ಬಂದು ಡಿಕ್ಕಿ ಹೊಡೆದ ಕ್ರಿಸ್ ಫ್ರೂಮ್ ಮುರಿದ ಸೈಕಲ್ ಬಿಟ್ಟು ಸ್ಪರ್ಧೆಯಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿಯಲ್ಲಿ ಬರಿಗೈಯಲ್ಲಿ ಓಡಿದ. 2021ರಲ್ಲಿ ಒಂದೇ ದಿನ ಎರಡು ಬಾರಿ ಬೆಟ್ಟ ಏರಿಸಿದರು. ವೌಟ್ ವಾನ್ ಆರ್ಟ್ ಗೆದ್ದ. 2025ರಲ್ಲಿ ಗೆದ್ದವನು ಫ್ರಾನ್ಸಿನವನೇ ಆದ ವಾಲಾಂತ್ಯಾಂ ಪಾರೆ ಪ್ಯಾಂತ್ರ್.

ಮಿಸ್ತ್ರಾಲ್ ಎಂಬ ಗಾಳಿಯನ್ನು ತಿಳಿಯದೆ ಪ್ರೊವಾನ್ಸಿನಲ್ಲಿ ದಾರಿ ಗೊತ್ತುಮಾಡಲಾಗದು. ಇದು ಉತ್ತರದಿಂದ ರೋನ್ ಕಣಿವೆಯ ಇಕ್ಕಟ್ಟಿನಲ್ಲಿ ವೇಗ ಪಡೆದು ಸಮುದ್ರದತ್ತ ನುಗ್ಗುವ ಒಣ ತಂಪುಗಾಳಿ. ಒಮ್ಮೆ ಎದ್ದರೆ ದಿನಗಟ್ಟಲೆ ಬೀಸುತ್ತದೆ, ಆಕಾಶ ಮಾತ್ರ ನಿಚ್ಚಳ ನೀಲಿ. ಹಳೆಯ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿಯಿಲ್ಲ. ಗಾಳಿ ನುಸುಳಿ ಹೋಗಲೆಂದು ಗಂಟೆಗೋಪುರಗಳ ತಲೆಯ ಮೇಲೆ ಕಬ್ಬಿಣದ ಪಂಜರ ಕಟ್ಟಿದ್ದಾರೆ. ಕಾರ್ಪಾಂತ್ರಾ, ಕವಾಯೋಂ ಬಯಲುಗಳಲ್ಲಿ ತರಕಾರಿ ಹೊಲಗಳನ್ನು ಕಾಯಲು ಪೂರ್ವಪಶ್ಚಿಮವಾಗಿ ಸೈಪ್ರೆಸ್ ಮರಗಳ ದಟ್ಟ ಬೇಲಿಗಳಿವೆ. ಪಶ್ಚಿಮಕ್ಕೋ ಪೂರ್ವಕ್ಕೋ ಹೋಗುವಾಗ ಆ ಬೇಲಿಯ ಮರೆಯಲ್ಲಿ ಸೈಕಲ್ ತಾನಾಗಿ ಓಡುತ್ತದೆ; ಬೇಲಿ ಮುಗಿದ ಕಡೆ ಗಾಳಿ ಭುಜಕ್ಕೆ ಗುದ್ದುತ್ತದೆ. ಬೆಳಿಗ್ಗೆ ಗಾಳಿಗೆ ಎದುರಾಗಿ ಉತ್ತರಕ್ಕೆ ಹೊರಟು ದಣಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಮರಳುವುದು ಇಲ್ಲಿನ ಸವಾರರು ಪಾಲಿಸುವ ಸರಳ ನಿಯಮ.

ವಾಂಟೂವನ್ನು ಏರಿ ಇಳಿದು ಹೊರಟುಹೋದವರು ಈ ಸೀಮೆಯ ಅರ್ಧವನ್ನೂ ನೋಡಿರುವುದಿಲ್ಲ. ಬೆಟ್ಟದ ಪಶ್ಚಿಮಕ್ಕೆ ದಾಂತೆಲ್ ದ ಮೋಂಮಿರಾಯ್ ಎಂಬ ಸುಣ್ಣಕಲ್ಲಿನ ಕೋಡುಗಳಿವೆ. ದಾಂತೆಲ್ ಎಂದರೆ ಬಟ್ಟೆಯ ಅಂಚಿನ ಜಾಲರಿ ಕಸೂತಿ. ಮಲಗಿದ್ದ ಕಲ್ಲಿನ ಪದರಗಳು ನೆಟ್ಟಗೆ ಎದ್ದು ನಿಂತು ಸವೆದಾಗ ಬಂದ ರೂಪ. ಇವನ್ನು ಸುತ್ತುವ ಸುಮಾರು 50 ಕಿ.ಮೀ. ದಾರಿ, ಅಳತೆಯಲ್ಲಿ ಚಿಕ್ಕದಾದರೂ, ಪ್ರೊವಾನ್ಸಿನ ಸವಾರಿಗಳಲ್ಲಿ ಶ್ರೇಷ್ಠವಾದುದೆಂದು ಹೇಳಬೇಕು. ಮಲೋಸೆನ್‌ನಿಂದ ಏರಿ ಸ್ಯುಝೆತ್ ಎಂಬ ಪುಟ್ಟ ಊರಿಗೆ ಬಂದರೆ ಹಿಂದೆ ವಾಂಟೂ, ಮುಂದೆ ಕಲ್ಲಿನ ಕೋಡು, ನಡುವೆ ಇಳಿಜಾರಿನ ತುಂಬ ಬಳ್ಳಿಸಾಲು. ಅಲ್ಲಿಂದ ಬೋಮ್ ದ ವೆನೀಝ್‌ಗೆ ಇಳಿತ. ಮಸ್ಕತ್ ದ್ರಾಕ್ಷಿಯ ಸಿಹಿ ವೈನಿಗೆ ಆ ಊರು ಹೆಸರಾದದ್ದು. ಮುಂದೆ ವಾಕೆರಾಸ್, ಜಿಗೊಂಡಾಸ್, ಸಾಬ್ಲೆ, ಸೆಗ್ಯುರೆ. ಒಂದೊಂದೂ ವೈನಿನ ಹೆಸರು, ಒಂದೊಂದೂ ಊರಿನ ಹೆಸರು. ಬಾಟಲಿಯ ಮೇಲೆ ಊರಿನ ಹೆಸರು ಹಾಕಲು ಯಾವ ನೆಲ, ಯಾವ ತಳಿ, ಎಷ್ಟು ಇಳುವರಿ ಎಂಬ ಕಟ್ಟುಪಾಡುಗಳಿವೆ. ಜಿಗೊಂಡಾಸ್‌ಗೆ ಆ ಮನ್ನಣೆ ಸಿಕ್ಕಿದ್ದು 1971ರಲ್ಲಿ, ವಾಕೆರಾಸ್‌ಗೆ 1990ರಲ್ಲಿ. ಇದೇ ವ್ಯವಸ್ಥೆಯಲ್ಲಿ 1936ರಲ್ಲಿಯೇ ಮೊದಲಿಗರ ಸಾಲಿನಲ್ಲಿ ನಿಂತ ಶಾತೋನೆಫ್ ದ್ಯು ಪಾಪ್ ನೈಋತ್ಯಕ್ಕೆ ರೋನ್ ನದಿಯ ಬಳಿ ಇದೆ. ಅಲ್ಲಿನ ತೋಟಗಳಲ್ಲಿ ಮಣ್ಣೇ ಕಾಣದಷ್ಟು ನದಿಯ ಗುಂಡುಕಲ್ಲು ಹಾಸಿರುತ್ತದೆ. ಕಲ್ಲು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಬಳ್ಳಿಗೆ ಬಿಟ್ಟುಕೊಡುತ್ತದೆ. ಗಾಳಿಯ ಹೊಡೆತಕ್ಕೆ ಮುರಿಯದಿರಲೆಂದು ಗ್ರೆನಾಶ್ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ಮೊಣಕಾಲೆತ್ತರದ ಗಿಡ್ಡ ಪೊದೆಯಾಗಿ ಸವರುತ್ತಾರೆ. ಕಾರಿನಲ್ಲಿ ಹೋದವರಿಗೆ ಇದೆಲ್ಲ ಹಸಿರು ಪಟ್ಟೆಯಾಗಿ ಹಿಂದೆ ಸರಿಯುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರಿನ ಗತಿಯಲ್ಲಿ ಬಳ್ಳಿಯ ಬುಡದ ದಪ್ಪ, ಕಲ್ಲಿನ ಬಣ್ಣ, ಒಂದು ತೋಟದಿಂದ ಇನ್ನೊಂದಕ್ಕೆ ಮಣ್ಣು ಬದಲಾದದ್ದು ಎಲ್ಲವೂ ಕಣ್ಣಿಗೆ ಬೀಳುತ್ತದೆ.

ನೆಸ್ಕ್ ಕೊರಕಲಿನ ದಾರಿ ವಿಲ್ ಸ್ಯುರ್ ಓಝೋಂ ಊರಿನಿಂದ ಸೋ ಕಡೆಗೆ, ಪಾತಾಳದಂಥ ಕಮರಿಯ ಅಂಚಿನಲ್ಲಿ, ಬಂಡೆ ಕೊರೆದ ಚಿಕ್ಕ ಸುರಂಗಗಳಲ್ಲಿ ನುಸುಳುತ್ತ ಹೋಗುತ್ತದೆ. ಏರು ತೀರ ಮೆಲ್ಲಗೆ. ಗಾಡಿಗಳು ಬೇರೆ ರಸ್ತೆ ಹಿಡಿಯುವುದರಿಂದ ಮೌನವೂ ಇದೆ. ಕೊನೆಗೆ ಸೋ ಪ್ರಸ್ಥಭೂಮಿಯ ಲ್ಯಾವೆಂಡರ್ ಹೊಲಗಳು. ತಗ್ಗಿನಲ್ಲಿ ಜುಲೈ ಹೊತ್ತಿಗೆ ಕೊಯ್ಲಾಗುವ ಹೂ ಇಲ್ಲಿ ಎತ್ತರದಿಂದಾಗಿ ತಡವಾಗಿ ಅರಳುತ್ತದೆ. ಊರಿನ ಲ್ಯಾವೆಂಡರ್ ಹಬ್ಬ ಆಗಸ್ಟ್ 15ರಂದು.

ದಕ್ಷಿಣದ ಲ್ಯುಬೆರೋಂ ಬೆಟ್ಟಸಾಲನ್ನು ಸುತ್ತುವ ಸುಮಾರು 235 ಕಿ.ಮೀ. ಮಾರ್ಗಕ್ಕೆ ಉದ್ದಕ್ಕೂ ಸೈಕಲ್ ಫಲಕಗಳಿವೆ. ಗೋರ್ದ್, ಬೊನ್ನ್ಯೂ, ಮೆನೆರ್ಬ್ ಮೊದಲಾದ ಊರುಗಳು ಬೇಸಿಗೆಯಲ್ಲಿ ಪ್ರವಾಸಿಗರಿಂದ ಕಿಕ್ಕಿರಿಯುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ದಾಟಿಬಿಡುವುದು ಲೇಸು. ರೂಸಿಯೋಂ ಊರಿನ ಸುತ್ತ ಕೆಂಪು, ಹಳದಿ, ಕಿತ್ತಳೆ ಬಣ್ಣದ ಕಾವಿಮಣ್ಣಿನ ದಿಬ್ಬಗಳಿವೆ. 18ನೆಯ ಶತಮಾನದ ಕೊನೆಯಿಂದ ಅದನ್ನು ತೊಳೆದು ಬಣ್ಣ ಮಾಡುವ ಉದ್ಯಮ ಬೆಳೆಯಿತು. ಆ ಕಾವಿಯನ್ನು ಸಾಗಿಸುತ್ತಿದ್ದ ಕಲವೋಂ ಕಣಿವೆಯ ರೈಲು ನಿಂತ ಮೇಲೆ ಹಳಿ ಕಿತ್ತ ದಾರಿ ಸೈಕಲ್ ಹಾದಿಯಾಯಿತು. ಅದರ ಪಕ್ಕದಲ್ಲಿ ರೋಮನರು ಕ್ರಿಸ್ತಪೂರ್ವ 3ರ ಸುಮಾರಿಗೆ ಕಟ್ಟಿದ ಮೂರು ಕಮಾನಿನ ಝೂಲಿಯಾಂ ಸೇತುವೆ. 2005ರವರೆಗೆ ಅದರ ಮೇಲೆ ಕಾರುಗಳು ಓಡಾಡುತ್ತಿದ್ದವು. ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ.

ಟಸ್ಕನಿ

ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಕಿಯಾಂತಿ ಗುಡ್ಡಗಳಲ್ಲಿ ಏರುಗಳು ಚಿಕ್ಕವು, ಆದರೆ ಮುಗಿಯುವುದಿಲ್ಲ. ಎರಡು ಕಿಲೋಮೀಟರು ಏರು, ಎರಡು ಕಿಲೋಮೀಟರು ಇಳಿತ, ಮತ್ತೆ ಏರು. ದಿನದ ಕೊನೆಗೆ ಲೆಕ್ಕ ಹಾಕಿದರೆ ದೊಡ್ಡ ಬೆಟ್ಟವೊಂದನ್ನು ಏರಿದಷ್ಟಾಗಿರುತ್ತದೆ. ಫ್ಲಾರೆನ್ಸಿನಿಂದ ಗ್ರೆವೆ, ಪಂಜಾನೊ, ಕಸ್ತೆಲ್ಲಿನಾ ಮೂಲಕ ಸಿಯೆನಾಕ್ಕೆ ಹೋಗುವ ಕಿಯಾಂತಿಜಾನಾ ರಸ್ತೆ ಸುಮಾರು 70 ಕಿ.ಮೀ. ವೈನ್ ಸೀಮೆಗೆ ಕಾನೂನಿನ ಗಡಿ ಹಾಕಿದ ಅತಿ ಹಳೆಯ ಆಜ್ಞೆಗಳಲ್ಲೊಂದು, ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕೋಸಿಮೊ 1716ರಲ್ಲಿ ಹೊರಡಿಸಿದ್ದು, ಇದೇ ಗುಡ್ಡಗಳನ್ನು ಕುರಿತದ್ದು.

ಕಿಯಾಂತಿಜಾನಾ ರಸ್ತೆ ಫ್ಲಾರೆನ್ಸಿನ ಹೊರವಲಯದಲ್ಲಿ ಪೊಂತೆ ಅ ಎಮಾ ಎಂಬ ಊರನ್ನು ಹಾಯುತ್ತದೆ. ಜೀನೊ ಬಾರ್ತಾಲಿ (1914-2000) ಹುಟ್ಟಿದ್ದು ಅಲ್ಲಿ. ಅವನ ಹೆಸರಿನ ಸೈಕಲ್ ವಸ್ತುಸಂಗ್ರಹಾಲಯವೂ ಅಲ್ಲಿದೆ. 1938ರಲ್ಲಿಯೂ ಹತ್ತು ವರ್ಷ ಬಿಟ್ಟು 1948ರಲ್ಲಿಯೂ ಟೂರ್ ದ ಫ್ರಾನ್ಸ್ ಗೆದ್ದವನು. ನಡುವೆ, ಜರ್ಮನರ ಹಿಡಿತದಲ್ಲಿದ್ದ ಇಟಲಿಯಲ್ಲಿ, ಯೆಹೂದ್ಯರನ್ನು ಕಾಪಾಡಲು ತಯಾರಿಸಿದ ಖೊಟ್ಟಿ ಗುರುತುಪತ್ರಗಳ ಕಾಗದಗಳನ್ನು ಸೈಕಲ್ಲಿನ ಕೊಳವೆಯೊಳಗೆ ಸುರುಳಿ ಸುತ್ತಿಟ್ಟುಕೊಂಡು, ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸಿನಿಂದ ಅಸ್ಸೀಸಿವರೆಗೆ ತುಳಿದ. ಪ್ರಸಿದ್ಧ ಸವಾರನನ್ನು ಕಾವಲಿನವರು ತಡೆದರೂ ಸೈಕಲ್ ಬಿಚ್ಚಿ ನೋಡುವುದಿಲ್ಲವೆಂಬ ಭರವಸೆಯೇ ರಕ್ಷೆ. ಬದುಕಿರುವಾಗ ಇದನ್ನು ಹೇಳಿಕೊಂಡು ತಿರುಗಲಿಲ್ಲ. ಇಸ್ರೇಲಿನ ಯಾದ್ ವಾಷೇಮ್ ಸಂಸ್ಥೆ 2013ರಲ್ಲಿ ಅವನಿಗೆ ಮರಣೋತ್ತರ ಗೌರವ ಕೊಟ್ಟಿತು.

ಟಸ್ಕನಿಯ ನಿಜವಾದ ಸಂಪತ್ತು ಡಾಂಬರು ಕಾಣದ ‘ಬಿಳಿ ರಸ್ತೆಗಳು’. ಸುಣ್ಣಕಲ್ಲಿನ ಜಲ್ಲಿ ಹರಡಿ ಗಟ್ಟಿಮಾಡಿದ ಈ ದಾರಿಗಳು ಇಷ್ಟೊಂದು ದಟ್ಟವಾಗಿ ಹಬ್ಬಲು ಕಾರಣ ಹಳೆಯ ವಾರದ ಬೇಸಾಯ. ಬೆಳೆಯ ಅರ್ಧ ಧಣಿಗೆ, ಅರ್ಧ ರೈತನಿಗೆ ಎಂಬ ಈ ಪದ್ಧತಿಗೆ ಅಲ್ಲಿ ಮೆದ್ಜಾದ್ರಿಯಾ ಎಂದು ಹೆಸರು. ರೈತಕುಟುಂಬ ಊರಿನಲ್ಲಿರದೆ ತಾನು ಉಳುವ ಹೊಲದ ನಡುವೆಯೇ, ಗುಡ್ಡದ ಮೇಲೊಂದು ಕಲ್ಲುಮನೆಯಲ್ಲಿ ಇರುತ್ತಿತ್ತು. ಪ್ರತಿ ಮನೆಗೆ ಒಂದು ದಾರಿ, ಎಲ್ಲ ದಾರಿಗಳೂ ಧಣಿಯ ಬಂಗಲೆಗೆ. ಎರಡನೆಯ ಮಹಾಯುದ್ಧದ ಬಳಿಕ ಜನ ಕಾರ್ಖಾನೆಗಳತ್ತ ಹೋದರು. 1964ರ ಕಾನೂನು ಹೊಸ ವಾರದ ಕರಾರುಗಳನ್ನು ನಿಷೇಧಿಸಿತು. ಮನೆಗಳು ಬರಿದಾದವು, ದಾರಿಗಳು ಉಳಿದವು. ಆಮೇಲೆ ಒಂದೊಂದಾಗಿ ಅವಕ್ಕೆ ಡಾಂಬರು ಬೀಳತೊಡಗಿತು.

ಅದನ್ನು ತಡೆಯಲು ಸೈಕಲ್ಲು ನೆರವಾಯಿತು. ಗಯೋಲೆ ಊರಿನ ಜಾಂಕಾರ್ಲೊ ಬ್ರೋಚ್ಚಿ 1997ರಲ್ಲಿ ‘ಲೆರೋಯಿಕಾ’ ಎಂಬ ಸವಾರಿ ಆರಂಭಿಸಿದಾಗ ಬಂದವರು 92 ಮಂದಿ. ಹಳೆಯ ಕಾಲದ ಸೈಕಲ್ಲಿನ ಮೇಲೆ, ಉಣ್ಣೆಯ ಅಂಗಿ ತೊಟ್ಟು, ಬಿಳಿ ರಸ್ತೆಗಳಲ್ಲಿ ದಿನವಿಡೀ ತುಳಿಯುವುದು, ಗೆಲುವಿಲ್ಲ, ಸೋಲಿಲ್ಲ. ಸೈಕಲ್ 1987ಕ್ಕೆ ಮುಂಚಿನದಾಗಿರಬೇಕು, ಗೇರಿನ ಸನ್ನೆ ಕೆಳಗಿನ ಕೊಳವೆಯ ಮೇಲಿರಬೇಕು, ಪಾದವನ್ನು ಪೆಡಲಿಗೆ ಚರ್ಮದ ಪಟ್ಟಿಯಿಂದ ಕಟ್ಟಬೇಕು. ತಂಗುವ ಕಡೆ ರೊಟ್ಟಿ, ಹಂದಿಮಾಂಸ, ಕಾಳು ಸೊಪ್ಪು ರೊಟ್ಟಿ ಬೇಯಿಸಿದ ರಿಬೊಲ್ಲಿತಾ ಎಂಬ ಗಟ್ಟಿ ಸಾರು, ಕೆಂಪು ವೈನು. ಅತಿ ಉದ್ದದ 209 ಕಿ.ಮೀ. ಮಾರ್ಗಕ್ಕೆ ಶಾಶ್ವತ ಫಲಕಗಳಿದ್ದು ವರ್ಷದ ಯಾವ ದಿನವಾದರೂ ಅದನ್ನು ಹಿಡಿದು ಹೋಗಬಹುದು. ಹಾಳು ರಸ್ತೆಯೆಂದು ಕಂಡದ್ದನ್ನು ಕಾಪಾಡಬೇಕಾದ ಆಸ್ತಿಯೆಂದು ಊರಿನವರೇ ನೋಡುವಂತೆ ಮಾಡಿದ್ದು ಈ ಸವಾರಿಯ ದೊಡ್ಡ ಸಾಧನೆ.

ಅದರಿಂದ ಹುಟ್ಟಿದ್ದು ವೃತ್ತಿಪರರ ‘ಸ್ತ್ರಾದೆ ಬಿಯಾಂಕೆ’ ಸ್ಪರ್ಧೆ. ಗಂಡಸರಿಗೆ 2007ರಿಂದ, ಹೆಂಗಸರಿಗೆ 2015ರಿಂದ. ಸಿಯೆನಾದ ಆಗ್ನೇಯಕ್ಕಿರುವ ಕ್ರೆತೆ ಸೆನೇಸಿ ಎಂಬ ಬೂದಿಬಣ್ಣದ ಜೇಡಿಗುಡ್ಡಗಳಲ್ಲಿ ಧೂಳೆಬ್ಬಿಸಿ ಬಂದವರು ಕೊನೆಗೆ ಸಾಂತಾ ಕತೆರೀನಾ ಬೀದಿಯ ಶೇ. 16ರ ಕಲ್ಲುಹಾಸಿನ ಏರು ಹತ್ತಿ ಊರ ನಡುವಿನ ಕಾಂಪೊ ಚೌಕಕ್ಕೆ ಇಳಿಯುತ್ತಾರೆ. ಮೂರು ಬಾರಿ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾನ್ಸೆಲ್ಲಾರಾನ ಹೆಸರನ್ನು ಮೊಂತೆ ಸಾಂತೆ ಮರಿಯೆಯ ಜಲ್ಲಿದಾರಿಗೆ ಇಟ್ಟಿದ್ದಾರೆ. ಮಳೆ ಬಂದರೆ ಈ ಬಿಳಿ ಧೂಳೇ ಅಂಟು ಕೆಸರಾಗುತ್ತದೆ. 2010ರ ಜೀರೊ ದಿ ಇಟಾಲಿಯಾ ಸ್ಪರ್ಧೆಯಲ್ಲಿ, ಬ್ರುನೆಲ್ಲೊ ವೈನಿಗೆ ಹೆಸರಾದ ಮೊಂತಾಲ್ಚೀನೊಗೆ ಕೆಸರಿನಲ್ಲಿ ಬಂದವರ ಮುಖ ಯಾರದೆಂದು ತಿಳಿಯದಾಗಿತ್ತು. ಆ ದಿನ ಗೆದ್ದವನು ಆಸ್ಟ್ರೇಲಿಯಾದ ಕ್ಯಾಡೆಲ್ ಇವಾನ್ಸ್. ಸಾಮಾನ್ಯ ಸವಾರರು ಇಲ್ಲಿಗೆ ತೆಳು ಟೈರು ತರಬಾರದು. 30 ಮಿ.ಮೀ.ಗಿಂತ ಅಗಲದ್ದು, ಗಾಳಿ ಕೊಂಚ ಕಡಿಮೆ ತುಂಬಿದ್ದು ಒಳ್ಳೆಯದು; ಜಲ್ಲಿಯ ಇಳಿತದಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಲೇಬಾರದು.

ಮಯೋರ್ಕಾ ಮತ್ತು ಇತರೆಡೆ

ಮಯೋರ್ಕಾದ ವಾಯುವ್ಯ ಅಂಚಿನ ತ್ರಮುಂತಾನ ಬೆಟ್ಟಸಾಲನ್ನು, ಅದರ ಮೆಟ್ಟಿಲುಹೊಲ, ನೀರುಕಾಲುವೆಗಳ ಸಮೇತ, ಯುನೆಸ್ಕೊ 2011ರಲ್ಲಿ ವಿಶ್ವಪರಂಪರೆಯ ತಾಣವಾಗಿ ಗುರುತಿಸಿತು. ಸಾಲಿನುದ್ದಕ್ಕೂ ಆಂದ್ರಾಚ್‌ನಿಂದ ಪೊಲ್ಯೆನ್ಸಾವರೆಗೆ ಸುಮಾರು 110 ಕಿ.ಮೀ. ರಸ್ತೆಯಿದೆ. ಅದರಿಂದ ಕವಲೊಡೆದು ಸಮುದ್ರಕ್ಕೆ ಇಳಿಯುವ ಸ ಕಲೋಬ್ರ ರಸ್ತೆಯನ್ನು ಎಂಜಿನಿಯರ್ ಅಂತೋನಿಯೊ ಪರಿಯೆತ್ತಿ 1930ರ ದಶಕದ ಆರಂಭದಲ್ಲಿ ರೂಪಿಸಿದ. ಒಂಬತ್ತೂವರೆ ಕಿಲೋಮೀಟರು, 26 ಹೇರ್‌ಪಿನ್ ತಿರುವು, ಸರಾಸರಿ ಏರು ಶೇ. 7. ಒಂದು ಕಡೆ ರಸ್ತೆ ಕೊರಳಪಟ್ಟಿಯ ಗಂಟಿನಂತೆ ಸುತ್ತಿ ತನ್ನ ಅಡಿಯಲ್ಲಿಯೇ ನುಸುಳುತ್ತದೆ. ಕೆಳಗೆ ರಸ್ತೆ ಮುಗಿಯುವುದರಿಂದ ಮೊದಲು ಇಳಿತ, ಆಮೇಲೆ ಏರು, ಬೇರೆ ದಾರಿಯಿಲ್ಲ. ಈ ಲೇಖನದ ದಾರಿಗಳಲ್ಲಿ ಪ್ರವಾಸಿಗರಿಗೆಂದೇ ಕಟ್ಟಿದ್ದು ಇದೊಂದು. ಚಳಿಗಾಲವೂ ಹಿತವಾಗಿರುವುದರಿಂದ ಉತ್ತರ ಯೂರೋಪಿನ ತಂಡಗಳು ಫೆಬ್ರವರಿಯಲ್ಲಿಯೇ ಅಭ್ಯಾಸಕ್ಕೆ ಬರುತ್ತವೆ.

ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಮಿಲಾನ್-ಸಾನ್‌ರೆಮೊ ಸ್ಪರ್ಧೆಯ ಚಿಪ್ರೆಸ್ಸಾ, ಪೊಜ್ಜೊ ಏರುಗಳು ಚಿಕ್ಕವಾದರೂ ಹೆಸರಾದವು. ಕ್ರೊವೇಷ್ಯಾದ ಇಸ್ತ್ರಿಯಾದಲ್ಲಿ 1902ರಿಂದ 1935ರವರೆಗೆ ಓಡಿದ ಟ್ರಿಯೆಸ್ಟ್-ಪೊರೆಚ್ ಕಿರುರೈಲಿನ ದಾರಿ ಈಗ ಪರೆನ್ಜಾನಾ ಸೈಕಲ್ ಹಾದಿಯಾಗಿದೆ. ಮೊತೊವುನ್ ಮೊದಲಾದ ನೆತ್ತಿಯ ಊರುಗಳ ಬುಡದಲ್ಲಿ ಸುರಂಗ, ಸೇತುವೆಗಳನ್ನು ದಾಟುತ್ತದೆ. ಸೈಪ್ರಸ್ಸಿನ ತ್ರೂಡೊಸ್ ಬೆಟ್ಟದ ದಕ್ಷಿಣ ಮಗ್ಗುಲಿನ ಊರುಗಳಲ್ಲಿ ದ್ರಾಕ್ಷಿಯನ್ನು ಬಿಸಿಲಿಗೆ ಒಣಗಿಸಿ ಕಮಾಂದರಿಯಾ ಎಂಬ ಸಿಹಿ ವೈನ್ ಮಾಡುತ್ತಾರೆ. ಅಲ್ಲಿ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ. ಸ್ಪೇನಿನ ಕಾದಿಸ್‌ನಿಂದ ಸೈಪ್ರಸ್‌ವರೆಗೆ ಇವುಗಳಲ್ಲಿ ಹಲವನ್ನು ಪೋಣಿಸುವ ಯೂರೋವೆಲೊ 8 ಎಂಬ ದೂರಮಾರ್ಗವೂ ಇದೆ. ಜಿನೀವಾ ಸರೋವರದಿಂದ ರೋನ್ ನದಿಯ ಜೊತೆಗೆ ಇಳಿಯುವ 815 ಕಿ.ಮೀ.ಗಳ ವಿಯಾರೋನಾ ಅದನ್ನು ದಕ್ಷಿಣ ಫ್ರಾನ್ಸಿನಲ್ಲಿ ಸಂಧಿಸುತ್ತದೆ.

ಕಾಲ, ಗೇರು, ನಿಯಮ

ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು ಅಪಾಯಕಾರಿ. ಕಾಡುಗಿಚ್ಚಿನ ಭಯವಿದ್ದ ದಿನ ಕಾಡಿನೊಳಗಿನ ದಾರಿಗಳನ್ನು ಅಧಿಕಾರಿಗಳು ಮುಚ್ಚುವುದುಂಟು. ಸೆಪ್ಟೆಂಬರ್ ದ್ರಾಕ್ಷಿ ಕೊಯ್ಲಿನ ತಿಂಗಳು. ಕಿರುರಸ್ತೆಗಳಲ್ಲಿ ಟ್ರ್ಯಾಕ್ಟರುಗಳು ತುಂಬಿದ ಟ್ರೇಲರು ಎಳೆದು ಬರುತ್ತವೆ, ತಿರುವುಗಳಲ್ಲಿ ಚೆಲ್ಲಿದ ದ್ರಾಕ್ಷಿರಸ ಜಾರುತ್ತದೆ. ಅದು ಅವರ ದುಡಿಮೆಯ ರಸ್ತೆ. ಸವಾರ ಬದಿಗೆ ಸರಿದು ನಿಲ್ಲುವುದೇ ಸರಿ.

ಮುಂದೆ 34 ಹಲ್ಲಿನ ಚಕ್ರ, ಹಿಂದೆ 32 ಅಥವಾ 34 ಹಲ್ಲು ಇದ್ದರೆ ವಾಂಟೂವಿನಂಥ ಏರನ್ನೂ ಕುಳಿತೇ ತುಳಿಯಬಹುದು. ಈಗ ಬ್ಯಾಟರಿ ಸೈಕಲ್ಲುಗಳೂ ಎಲ್ಲೆಡೆ ಬಾಡಿಗೆಗೆ ಸಿಗುತ್ತವೆ. ಊರಿನ ಕಾರಂಜಿಯಲ್ಲಿ ಬಾಟಲಿ ತುಂಬುವ ಮುಂಚೆ ಫಲಕ ನೋಡಬೇಕು. ಫ್ರಾನ್ಸಿನಲ್ಲಿ ‘ನೋಂ ಪೊತಾಬ್ಲ್’ ಎಂದಿದ್ದರೆ ಆ ನೀರು ಕುಡಿಯಲು ತಕ್ಕುದಲ್ಲ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡು ಮೂರು ಗಂಟೆ ಮುಚ್ಚಿರುತ್ತವೆ, ಆದ್ದರಿಂದ ರೊಟ್ಟಿಯನ್ನು ಹನ್ನೆರಡರೊಳಗೆ ಕೊಂಡುಬಿಡಬೇಕು. ಫ್ರಾನ್ಸಿನಲ್ಲಿ ಸೈಕಲ್ಲನ್ನು ಹಿಂದಿಕ್ಕುವ ವಾಹನ ಊರೊಳಗೆ 1 ಮೀಟರು, ಊರಾಚೆ 1.5 ಮೀಟರು ಅಂತರ ಬಿಡಬೇಕೆಂಬುದು ಕಾನೂನು. ವೈನ್ ಸೀಮೆಯೆಂದು ಸಡಿಲಿಕೆಯಿಲ್ಲ: ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಸ್ಪೇನಿನಲ್ಲಿ ಊರಾಚೆಗೆ ಹೆಲ್ಮೆಟ್ ಕಡ್ಡಾಯ.

ನವೆಂಬರ್ ನಡುಭಾಗದಿಂದ ವಸಂತದವರೆಗೆ ವಾಂಟೂವಿನ ತುದಿಯ ರಸ್ತೆ ಹಿಮದಿಂದಾಗಿ ಮುಚ್ಚಿರುತ್ತದೆ. ಆಗ ಬೆಡ್ವಾಂ ಮತ್ತು ಸೋ ಕಡೆಯಿಂದ ಶ್ಯಾಲೆ ರೆನಾರ್‌ವರೆಗೆ, ಮಲೋಸೆನ್ ಕಡೆಯಿಂದ ಮೋಂ ಸೆರ್ಯಾಂವರೆಗೆ ಮಾತ್ರ ಹೋಗಲು ಸಾಧ್ಯ.